ಹೊಲದ ಯೂರಿಯಾ, ಮೈಯ ಯೂರಿಯಾ

ಪ್ರಶ್ನೆ: ನಮ್ಮ ತಂದೆಯವರ ಕಾಲು ಬಾತುಕೊಂಡಿದ್ದವು. ದವಾಖಾನೆಗೆ ಕರೆದೊಯ್ದಾಗ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಯೂರಿಯಾ ಹೆಚ್ಚಿದೆ ಎಂದು ರಿಪೋರ್ಟು ಬಂತು. ನಾವು ಭತ್ತಕ್ಕೂ ಹತ್ತಿಗೂ ಚೀಲಗಟ್ಟಲೆ ಯೂರಿಯಾ ಹಾಕುವವರು. ಅದೇ ಊಟದ ಮೂಲಕ ಮೈಗೆ ಸೇರಿತೇ? ಮೂತ್ರದಲ್ಲಿಯೂ ಯೂರಿಯಾ ಇರುತ್ತದೆ ಅನ್ನುತ್ತಾರೆ. ಅದು ಯಾವ ಯೂರಿಯಾ? ಮೂತ್ರದಲ್ಲಿ ಇನ್ನೇನೇನು ಇರುತ್ತದೆ? ಅದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕಬಹುದೇ?
— ಓದುಗರೊಬ್ಬರು, ಮಕ್ತಲ್

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಎರಡು ಕಡೆ ಒಂದೇ ಹೆಸರು ಕಂಡರೆ ಎರಡಕ್ಕೂ ಸಂಬಂಧ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆ ಮನೆಯಲ್ಲೊಂದು ಗೊಬ್ಬರದ ಚೀಲ, ಕೈಯಲ್ಲೊಂದು ಲ್ಯಾಬಿನ ರಿಪೋರ್ಟು ಇರುವವರು ಬಹಳ ಮಂದಿ. ಅವರಲ್ಲಿ ಅನೇಕರ ಮನಸ್ಸಿನಲ್ಲಿ ಇರಬಹುದಾದ ಸಂಶಯವನ್ನೇ ನೀವು ಬರೆದು ಕೇಳಿದ್ದೀರಿ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಚೀಲದಲ್ಲಿರುವ ಯೂರಿಯಾ, ಮೂತ್ರದಲ್ಲಿರುವ ಯೂರಿಯಾ ಎರಡೂ ಒಂದೇ ವಸ್ತು. ಆದರೆ ಚೀಲದ್ದು ನಿಮ್ಮ ತಂದೆಯವರ ಮೈಗೆ ಬಂದದ್ದಲ್ಲ. ಅವರ ಮೈಯಲ್ಲಿರುವುದನ್ನು ಅವರ ಪಿತ್ತಜನಕಾಂಗ, ಅಂದರೆ ಲಿವರ್, ತಾನೇ ತಯಾರಿಸಿದೆ. ನನ್ನ ಮೈಯಲ್ಲೂ ನಿಮ್ಮ ಮೈಯಲ್ಲೂ ಈ ಹೊತ್ತಿನಲ್ಲಿ ಅದೇ ಕೆಲಸ ನಡೆದಿದೆ.

ಒಂದೇ ವಸ್ತು ಎಂದರೆ ಅಣುವಿನ ಮಟ್ಟದಲ್ಲಿ ಒಂದೇ. ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ; ಎಲ್ಲಿ ತಯಾರಾದರೂ ಯೂರಿಯಾದ ಅಣುವಿನಲ್ಲಿ ಇಷ್ಟೇ. ತೆಲಂಗಾಣದ ರಾಮಗುಂಡಂನಲ್ಲಿ 2021ರಿಂದ ನಡೆಯುತ್ತಿರುವ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲ ಬಳಸಿ ಮೊದಲು ಅಮೋನಿಯಾ ತಯಾರಿಸುತ್ತಾರೆ. ಅದನ್ನು ಇಂಗಾಲದ ಡೈಆಕ್ಸೈಡಿನ ಜೊತೆ ಭಾರೀ ಒತ್ತಡದಲ್ಲಿ, ಬಿಸಿಯಲ್ಲಿ ಕೂಡಿಸಿದಾಗ ಯೂರಿಯಾ ಆಗುತ್ತದೆ. ಲಿವರ್ ಕೂಡ ಅದೇ ಎರಡು ಸರಕಿನಿಂದಲೇ ಯೂರಿಯಾ ಮಾಡುತ್ತದೆ, ಆದರೆ ಮೈಯ ಬಿಸಿಯಲ್ಲಿ, ಯಾವ ಒತ್ತಡವೂ ಇಲ್ಲದೆ.

ಈ ವಸ್ತು ಮನುಷ್ಯನಿಗೆ ಮೊದಲು ಗೊತ್ತಾದದ್ದು ಮೂತ್ರದಿಂದಲೇ. 1773ರಲ್ಲಿ ಫ್ರಾನ್ಸಿನ ಇಲೇರ್ ರುವೆಲ್ ಎಂಬ ರಸಾಯನ ವಿಜ್ಞಾನಿ ಮೂತ್ರವನ್ನು ಬತ್ತಿಸಿ ಅದನ್ನು ಬೇರ್ಪಡಿಸಿದ. ಜೀವಿಗಳ ಮೈಯಲ್ಲಿ ಆಗುವ ವಸ್ತುವನ್ನು ಜೀವಿಯಷ್ಟೇ ಮಾಡಬಲ್ಲದು, ಮನುಷ್ಯನ ಕೈಯಿಂದ ಆಗದು ಎಂದು ಆಗ ಬಹಳ ಮಂದಿ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾ ತಯಾರಿಸಿ ತೋರಿಸಿದ. ಮೂತ್ರಪಿಂಡದ ಹಂಗಿಲ್ಲದೆ ಯೂರಿಯಾ ಮಾಡಿದೆ ಎಂದು ಅವನು ತನ್ನ ಗುರು ಬೆರ್ಜೀಲಿಯಸ್‌ಗೆ ಕಾಗದ ಬರೆದ. ಗೊಬ್ಬರದ ಅಂಗಡಿಯಲ್ಲಿ ಸಾಲಾಗಿ ಪೇರಿಸಿಟ್ಟ ಚೀಲಗಳ ಕಥೆ ಶುರುವಾಗುವುದು ಅಲ್ಲಿಂದ.

ಇನ್ನು ಮೈ ಯೂರಿಯಾವನ್ನು ಯಾಕೆ ಮಾಡುತ್ತದೆ ಎಂಬುದಕ್ಕೆ ಬರೋಣ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ, ಮಾಂಸ, ಮೊಟ್ಟೆ, ಇವೆಲ್ಲದರಲ್ಲೂ ಪ್ರೋಟೀನ್ ಇದೆ. ಅಕ್ಕಿಯ ಪಿಷ್ಟ ಅಥವಾ ಎಣ್ಣೆ ಮೈಯಲ್ಲಿ ಉರಿದರೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ಡೈಆಕ್ಸೈಡ್ ಉಸಿರಿನಲ್ಲಿ ಹೊರಟುಹೋಗುತ್ತದೆ. ಪ್ರೋಟೀನಿನಲ್ಲಿ ಮಾತ್ರ ಸಾರಜನಕವೂ ಇದೆ, ಅದರ ತೂಕದ ಸುಮಾರು ನೂರಕ್ಕೆ 16ರಷ್ಟು. ಪ್ರೋಟೀನ್ ಒಡೆದಾಗ ಆ ಸಾರಜನಕ ಅಮೋನಿಯಾ ಆಗುತ್ತದೆ. ಅಮೋನಿಯಾ ವಿಷ, ರಕ್ತದಲ್ಲಿ ಸ್ವಲ್ಪ ಏರಿದರೂ ಮಿದುಳಿಗೆ ತ್ರಾಸು. ಹಾಗಾಗಿ ಲಿವರ್ ಅದನ್ನು ಕೂಡಲೇ ಯೂರಿಯಾವಾಗಿ ಬದಲಿಸುತ್ತದೆ. ಯೂರಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅಮೋನಿಯಾದಂಥ ವಿಷವಲ್ಲ, ರಕ್ತದಲ್ಲಿ ಹರಿದು ಮೂತ್ರಪಿಂಡದವರೆಗೆ ಹೋಗುವಷ್ಟು ಹೊತ್ತು ಯಾರಿಗೂ ತೊಂದರೆ ಕೊಡುವುದಿಲ್ಲ. ಲಿವರಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು 1932ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸಲೈಟ್ ಕಂಡುಹಿಡಿದರು. ಯೂರಿಯಾ ತಯಾರಾಗುವುದು ಕಿಡ್ನಿಯಲ್ಲಿ ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ, ತಯಾರಿಸುವುದು ಲಿವರ್, ಹೊರಗೆ ಹಾಕುವುದು ಕಿಡ್ನಿ.

ಎಷ್ಟು ಯೂರಿಯಾ? ನಮ್ಮ ಕಡೆಯ ಊಟದಿಂದಲೇ ಲೆಕ್ಕ ಹಾಕಿ ನೋಡೋಣ. ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ, ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ, 80 ಗ್ರಾಂ ಬೇಳೆ, ಮೇಲೆ ಒಂದಿಷ್ಟು ಮಜ್ಜಿಗೆ ಅಂತಿಟ್ಟುಕೊಂಡರೆ ಹೆಚ್ಚುಕಡಿಮೆ 50 ಗ್ರಾಂ ಪ್ರೋಟೀನ್ ಆಯಿತು. ಅದರಲ್ಲಿ ಸಾರಜನಕ 8 ಗ್ರಾಂ. ಗ್ರಾಮಿನಷ್ಟೋ ತುಸು ಹೆಚ್ಚೋ ಮಲದಲ್ಲಿ, ಬೆವರಿನಲ್ಲಿ ಹೋಗುತ್ತದೆ. ಉಳಿದದ್ದು ಮೂತ್ರಕ್ಕೆ, ಬಹುಪಾಲು ಯೂರಿಯಾದ ರೂಪದಲ್ಲಿ: ದಿನಕ್ಕೆ 12 ಗ್ರಾಂ ಆಸುಪಾಸು, ಮೂರು ಚಹಾ ಚಮಚೆಯಷ್ಟು. ಪಠ್ಯಪುಸ್ತಕಗಳಲ್ಲಿ 20ರಿಂದ 30 ಗ್ರಾಂ ಎಂದು ಓದಿದವರಿಗೆ ಇದು ಕಡಿಮೆ ಅನಿಸಬಹುದು. ಪುಸ್ತಕದ ಆ ಅಂಕಿ ದಿನಕ್ಕೆ 80–100 ಗ್ರಾಂ ಪ್ರೋಟೀನ್ ತಿನ್ನುವವರದು. ಮಟನ್ ಊಟ ಮಾಡಿದ ಮರುದಿನ ನಿಮ್ಮ ಅಂಕಿಯೂ ಏರುತ್ತದೆ.

ಈಗ ನಿಮ್ಮ ಮುಖ್ಯ ಸಂಶಯ. ಹೊಲಕ್ಕೆ ಹಾಕಿದ ಯೂರಿಯಾ ಧಾನ್ಯದ ಮೂಲಕ ಯೂರಿಯಾ ಆಗಿಯೇ ಬರುವುದಿಲ್ಲ. ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ಹಸಿ ನೆಲಕ್ಕೆ ಬಿದ್ದ ಯೂರಿಯಾವನ್ನು ಅದು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಮಾಡುತ್ತದೆ, ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟಿಗೆ ತಿರುಗಿಸುತ್ತವೆ. ಬೇರು ಮುಖ್ಯವಾಗಿ ಹೀರುವುದು ಈ ಎರಡನ್ನು. ಗಿಡ ಅವುಗಳಿಂದ ತನ್ನ ಎಲೆಯ, ಕಾಳಿನ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ತಟ್ಟೆಗೆ ಬರುವುದು ಆ ಪ್ರೋಟೀನ್. ಅದು ಮೈಯಲ್ಲಿ ಒಡೆದು ಮತ್ತೆ ಯೂರಿಯಾ ಆಗುತ್ತದೆ. ಸಾರಜನಕ ಸುತ್ತಿ ಬಂದದ್ದು ನಿಜ, ಯೂರಿಯಾ ಮಾತ್ರ ಚೀಲದ್ದಲ್ಲ. ಸಗಣಿ ಗೊಬ್ಬರವನ್ನಷ್ಟೇ ಹಾಕಿ ಬೆಳೆದ ಜೋಳ ತಿಂದರೂ ಮೈಯಲ್ಲಿ ಅಷ್ಟೇ ಯೂರಿಯಾ ಆಗುತ್ತದೆ.

ಚೀಲದ ಯೂರಿಯಾ ನೇರವಾಗಿ ಹೊಟ್ಟೆಗೆ ಹೋಗುವ ದಾರಿಗಳೂ ಇವೆ, ಅವನ್ನು ಮುಚ್ಚಿಡಬಾರದು. ಹಾಲಿಗೆ ಯೂರಿಯಾ ಬೆರೆಸುವುದು ಒಂದು. ಒಳ್ಳೆಯ ಹಾಲಿನಲ್ಲೂ ಹಸುವಿನ ಮೈಯಿಂದ ಬಂದ ಯೂರಿಯಾ ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕಾಗಿಯೇ ಕಾನೂನು ಲೀಟರಿಗೆ ಸುಮಾರು 700 ಮಿಲಿಗ್ರಾಂ ಮಿತಿ ಇಟ್ಟಿದೆ, ಅದಕ್ಕಿಂತ ಹೆಚ್ಚಿದ್ದರೆ ಕಲಬೆರಕೆ. ಇನ್ನೊಂದು ದನಗಳ ವಿಷಯ. ಎತ್ತು, ಎಮ್ಮೆ, ಆಡು ಚೀಲಕ್ಕೆ ಬಾಯಿ ಹಾಕಿದರೆ ಅವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಮ್ಮೆಲೇ ಅಮೋನಿಯಾ ಮಾಡುತ್ತವೆ, ದನ ಗಂಟೆಗಳಲ್ಲೇ ಸಾಯಬಹುದು. ಚೀಲವನ್ನು ಕೊಟ್ಟಿಗೆಯಲ್ಲಿ ಬಿಚ್ಚಿಡಬೇಡಿ, ಯೂರಿಯಾ ಕದಡಿದ ಬಕೆಟ್ಟನ್ನು ದನ ನೀರು ಕುಡಿಯುವ ಜಾಗದಲ್ಲಿ ಬಿಡಬೇಡಿ.

ಹಾಗಾದರೆ ತಂದೆಯವರ ರಕ್ತದಲ್ಲಿ ಯೂರಿಯಾ ಹೆಚ್ಚಾದದ್ದು ಯಾಕೆ? ಒಳಗೆ ಹೆಚ್ಚು ಬಂತು ಎನ್ನುವುದಕ್ಕಿಂತ ಹೊರಗೆ ಕಡಿಮೆ ಹೋಯಿತು ಎಂದು ಮೊದಲು ಯೋಚಿಸಬೇಕು. ದೊಡ್ಡವರ ರಕ್ತದಲ್ಲಿ ನೂರು ಮಿಲಿಲೀಟರಿಗೆ ಸುಮಾರು 15ರಿಂದ 40 ಮಿಲಿಗ್ರಾಂ ಯೂರಿಯಾ ಇರುವುದು ಸಹಜ. ಕಿಡ್ನಿಯ ಕಸುವು ಕುಗ್ಗಿದರೆ ಅದು ಏರುತ್ತದೆ. ವಾಂತಿ, ಭೇದಿ, ಬಿಸಿಲಲ್ಲಿ ನೀರು ಕುಡಿಯದೆ ದುಡಿಯುವುದು, ಹೊಟ್ಟೆಯೊಳಗೆ ರಕ್ತ ಸೋರುವುದು, ಇವುಗಳಿಂದಲೂ ಏರುತ್ತದೆ. ಅದಕ್ಕೇ ಡಾಕ್ಟರು ಯೂರಿಯಾ ಒಂದನ್ನೇ ನಂಬದೆ ಪಕ್ಕದಲ್ಲಿರುವ ಕ್ರಿಯಾಟಿನಿನ್ ನೋಡುತ್ತಾರೆ. ಇದು ಮೈಯ ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುವ ವಸ್ತು. ಊಟದ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ, ಹಾಗಾಗಿ ಕಿಡ್ನಿಯ ಸ್ಥಿತಿಯನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಇನ್ನೊಂದು ಸಂಗತಿ: ಕೆಲವು ಲ್ಯಾಬುಗಳು ‘ಬ್ಲಡ್ ಯೂರಿಯಾ’ ಎಂದು ಬರೆಯುತ್ತವೆ, ಕೆಲವು ‘ಬ್ಲಡ್ ಯೂರಿಯಾ ನೈಟ್ರೋಜನ್’ ಎಂದು. ಎರಡನೆಯದು ಯೂರಿಯಾದೊಳಗಿನ ಸಾರಜನಕದ ತೂಕ ಮಾತ್ರ, ಆದ್ದರಿಂದ ಅದರ ಅಂಕಿ ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ರಾಯಚೂರಿನ ಲ್ಯಾಬಿನ ಕಾಗದವನ್ನು ಹೈದರಾಬಾದಿನ ಕಾಗದದ ಪಕ್ಕ ಇಟ್ಟು, ಯೂರಿಯಾ ಇಳಿಯಿತು ಎಂದು ಸಂತೋಷಪಡುವ ಮೊದಲು ಹೆಸರನ್ನು ಪೂರ್ತಿ ಓದಿ.

ಕಾಲು ಬಾವು, ಯೂರಿಯಾ ಏರಿಕೆ ಎರಡೂ ಇರುವುದರಿಂದ ತಡಮಾಡದೆ ಕಿಡ್ನಿ ಡಾಕ್ಟರಿಗೆ ತೋರಿಸಿ. ತಂದೆಯವರು ಮೈಕೈ ನೋವಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗುವವರಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಹೊಲದ ಕೆಲಸ ಮಾಡುವವರು ವರ್ಷಗಟ್ಟಲೆ ತೆಗೆದುಕೊಳ್ಳುವ ನೋವಿನ ಗುಳಿಗೆಗಳಲ್ಲಿ ಹಲವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಬೇಳೆ ನಿಲ್ಲಿಸಬೇಕೇ, ನೀರು ಎಷ್ಟು ಕುಡಿಯಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಡಿ. ಕಾಲು ಬಾತವರಿಗೆ ಹೆಚ್ಚು ನೀರು ಕುಡಿಸುವುದೂ ಕೆಲವೊಮ್ಮೆ ಕೆಡುಕೇ.

ಮೂತ್ರದಲ್ಲಿ ಬೇರೇನಿದೆ ಎಂದು ಕೇಳಿದಿರಿ. ನೂರಕ್ಕೆ 95ರಷ್ಟು ನೀರು. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ, ಆದರೆ ಹೊರಬರುವುದು ಒಂದೂವರೆ ಲೀಟರಿನಷ್ಟು. ಯುಗಾದಿಗೆ ಮುಂಚೆ ಮನೆ ಬಳಿಯುವಾಗ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬೇಕಾದದ್ದನ್ನು ಮತ್ತೆ ಒಳಗಿಡುತ್ತೇವಲ್ಲ, ಕಿಡ್ನಿಯ ಕ್ರಮ ಅದೇ. ಸಕ್ಕರೆ, ಬಹುಪಾಲು ನೀರು, ಬಹುಪಾಲು ಉಪ್ಪು ಒಳಗೆ ಹೋಗುತ್ತವೆ. ಬೇಡವಾದದ್ದು ಅಂಗಳದಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದರಲ್ಲಿ ಯೂರಿಯಾ ಮೊದಲು. ಆಮೇಲೆ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಾವು ಊಟದಲ್ಲಿ ತಿಂದ ಉಪ್ಪೇ. ಬೆವರು ಅಷ್ಟಾಗಿ ಇಳಿಯದ ದಿನ ತಿಂದ ಉಪ್ಪಿನ ಬಹುಭಾಗ ಮೂತ್ರದಲ್ಲಿ ಸಿಗುತ್ತದೆ. ದಿನಕ್ಕೆ ಎರಡು ಗ್ರಾಮಿನಷ್ಟು ಪೊಟ್ಯಾಸಿಯಂ, ಒಂದು ಗ್ರಾಮಿನಿಂದ ಒಂದೂವರೆ ಗ್ರಾಂವರೆಗೆ ಕ್ರಿಯಾಟಿನಿನ್, ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಯೂರಿಕ್ ಆಮ್ಲ, ಒಂದಿಷ್ಟು ಅಮೋನಿಯಂ, ಸಲ್ಫೇಟ್, ಫಾಸ್ಫೇಟ್, ತುಸು ಕ್ಯಾಲ್ಸಿಯಂ. ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, 1669ರಲ್ಲಿ ಹೆನಿಗ್ ಬ್ರಾಂಡ್ ಮೊದಲು ಪಡೆದದ್ದೂ ಮೂತ್ರವನ್ನು ಬತ್ತಿಸಿಯೇ. ಅವನು ಹುಡುಕುತ್ತಿದ್ದದ್ದು ಬಂಗಾರವನ್ನು.

ಹಳದಿ ಬಣ್ಣ ಯೂರಿಯಾದ್ದಲ್ಲ, ಯೂರಿಯಾಕ್ಕೆ ಬಣ್ಣವೇ ಇಲ್ಲ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರೂಬಿನ್ ಆಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಬದಲಿಸುತ್ತವೆ. ಅದರಲ್ಲಿ ಒಂದಂಶ ರಕ್ತಕ್ಕೆ ಮರಳಿ ಯೂರೋಬಿಲಿನ್ ಎಂಬ ಹಳದಿ ವಸ್ತುವಾಗಿ ಮೂತ್ರಕ್ಕೆ ಬರುತ್ತದೆ. ಕರುಳಿನಲ್ಲಿ ಈ ಬದಲಾವಣೆ ಮಾಡುವ ಕಿಣ್ವ ಯಾವುದೆಂದು ಅಮೆರಿಕದ ಸಂಶೋಧಕರು ಪ್ರಕಟಿಸಿದ್ದು 2024ರಲ್ಲಿ. ಇಷ್ಟು ದಿನನಿತ್ಯದ ಸಂಗತಿಗೂ ಉತ್ತರ ಇಷ್ಟು ತಡವಾಗಿ ಸಿಕ್ಕಿತು. ಇನ್ನು ನಾತ. ತಾಜಾ ಮೂತ್ರಕ್ಕೆ ಅಂಥ ಘಾಟು ಇರುವುದಿಲ್ಲ. ಬಸ್ ನಿಲ್ದಾಣದ ಮೂತ್ರಾಲಯದಲ್ಲಿ ಕಣ್ಣಲ್ಲಿ ನೀರು ಬರಿಸುವುದು ಅಮೋನಿಯಾ. ಹೊಲದ ಮಣ್ಣಿನಲ್ಲಿ ಕಂಡ ಅದೇ ಯೂರಿಯೇಸ್ ಕಿಣ್ವವಿರುವ ಸೂಕ್ಷ್ಮಜೀವಿಗಳು ಅಲ್ಲಿ ನಿಂತ ಯೂರಿಯಾವನ್ನು ಒಡೆಯುತ್ತವೆ. ಆಗ ಫಾಸ್ಫೇಟುಗಳು ಗಟ್ಟಿಯಾಗಿ, ಗೋಡೆಗೂ ಕೊಳವೆಗೂ ಬೆಳ್ಳಗೆ ಹಕ್ಕಳೆಗಟ್ಟುತ್ತವೆ.

ಬೇಸಿಗೆಯಲ್ಲಿ ಮೂತ್ರ ಕಡು ಹಳದಿಯಾಗಿ ಉರಿ ಬಂದರೆ ಉಷ್ಣ ಆಯಿತು ಎನ್ನುತ್ತೇವೆ. ಮೂಲದಲ್ಲಿರುವುದು ನೀರಿನ ಕೊರತೆ. ಕಸ ಹೊರಹಾಕಲು ದಿನಕ್ಕೆ ಕನಿಷ್ಠ ಅರ್ಧ ಲೀಟರ್ ಮೂತ್ರವಾದರೂ ಬೇಕು. ಗದ್ವಾಲ ಕಡೆ ಹತ್ತಿಬೀಜದ ಹೊಲಗಳಲ್ಲಿ ಬೆಳಗಿನಿಂದ ಬಗ್ಗಿ ದುಡಿಯುವ ಹೆಣ್ಣುಮಕ್ಕಳು, ಮರೆಯಲ್ಲಿ ಕೂರಲು ಜಾಗವಿಲ್ಲ ಎಂದು ನೀರು ಕುಡಿಯುವುದನ್ನೇ ಬಿಡುವುದುಂಟು. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ. ನೀರು ಕಡಿಮೆಯಾದರೆ ಮೂತ್ರದ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಸೇರಿ ಹರಳುಗಟ್ಟುತ್ತವೆ, ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಇವೇ. ಮೂತ್ರನಾಳದ ಸೋಂಕೂ ಸುಲಭವಾಗಿ ಹತ್ತುತ್ತದೆ. ಲಿಂಬೆ ಹುಳಿಯಿಂದ ಮೂತ್ರದಲ್ಲಿ ಸಿಟ್ರೇಟ್ ಹೆಚ್ಚುತ್ತದೆ, ಅದು ಹರಳಾಗುವುದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಕಲ್ಲು ಎಂದ ಕೂಡಲೇ ಹಾಲು ಮಜ್ಜಿಗೆ ಬಿಡುವುದು ತಪ್ಪು. ಊಟದ ಜೊತೆ ಹೋದ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದ ದಾರಿಗೆ ಕಳಿಸುತ್ತದೆ.

ಇನ್ನೊಂದು ವಸ್ತುವಿನ ಹೆಸರು ನೀವು ಕೇಳಿಲ್ಲ, ಆದರೆ ನಮ್ಮ ಸೀಮೆಯವರಿಗೆ ಹೇಳದೆ ಬಿಡಲಾಗದು: ಫ್ಲೋರೈಡ್. ಹಳೆಯ ಪಾಲಮೂರು ಜಿಲ್ಲೆಯ ಹಲವು ಕಡೆ, ನೆರೆಯ ರಾಯಚೂರು, ಯಾದಗಿರಿಯಲ್ಲೂ, ಬೋರಿನ ನೀರಿನಲ್ಲಿ ಇದು ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಾಗ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನಕ. ಮೈಗೆ ಸೇರಿದ ಫ್ಲೋರೈಡಿನ ಅರ್ಧದಷ್ಟು ದೊಡ್ಡವರಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ, ಉಳಿದದ್ದು ಎಲುಬು ಸೇರುತ್ತದೆ. ಮಕ್ಕಳಲ್ಲಿ ಹೊರಹೋಗುವುದು ಕಡಿಮೆ, ಬೆಳೆಯುವ ಎಲುಬು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಊರಿನವರು ಎಷ್ಟು ಫ್ಲೋರೈಡ್ ಕುಡಿಯುತ್ತಿದ್ದಾರೆ ಎಂದು ತಿಳಿಯಲು ತಜ್ಞರು ಮೂತ್ರದ ಪರೀಕ್ಷೆ ಮಾಡುವುದು ಇದೇ ಕಾರಣಕ್ಕೆ. ಕಿಡ್ನಿ ಸೋತವರಲ್ಲಿ ಅದು ಇನ್ನೂ ಹೆಚ್ಚು ಉಳಿಯುತ್ತದೆ, ಆದ್ದರಿಂದ ನಿಮ್ಮ ತಂದೆಯವರಿಗೆ ಬೋರಿನ ನೀರು ಬಿಟ್ಟು ಮಿಷನ್ ಭಗೀರಥ ಯೋಜನೆಯ ನಳದ ನೀರು ಕೊಡುವುದು ಲೇಸು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಮೂತ್ರದಲ್ಲಿ ಇರಬಾರದವೂ ಕೆಲವಿವೆ. ಸಕ್ಕರೆ ಕಂಡರೆ ಸಾಮಾನ್ಯವಾಗಿ ಮಧುಮೇಹ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಗಮನಿಸಿದ್ದರು. ಪ್ರೋಟೀನ್ ಕಂಡರೆ ಕಿಡ್ನಿಯ ಜರಡಿ ಸೋರುತ್ತಿದೆ ಎಂದರ್ಥ, ಬೇಳೆ ಹೆಚ್ಚು ತಿಂದದ್ದಕ್ಕೆ ಅಲ್ಲ. ತಂದೆಯವರ ಮೂತ್ರದ ರಿಪೋರ್ಟಿನಲ್ಲಿ ‘ಆಲ್ಬುಮಿನ್’ ಎಂಬ ಸಾಲನ್ನು ತಪ್ಪದೆ ನೋಡಿ, ಅದರ ಮುಂದೆ ಕೂಡಿಕೆಯ ಗುರುತು ಇದೆಯೇ ಎಂದು ಡಾಕ್ಟರಿಗೆ ತೋರಿಸಿ.

ಕೊನೆಗೆ ಗೊಬ್ಬರದ ಮಾತು. ಮೂತ್ರವನ್ನು ಹೊಲಕ್ಕೆ ಹಾಕಬಹುದು. 45 ಕಿಲೋ ಯೂರಿಯಾ ಚೀಲದಲ್ಲಿ ನೂರಕ್ಕೆ 46ರ ಲೆಕ್ಕದಲ್ಲಿ 20 ಕಿಲೋಗಿಂತ ತುಸು ಹೆಚ್ಚು ಸಾರಜನಕ ಇದೆ. ಮೇಲಿನ ಊಟದ ಲೆಕ್ಕದಲ್ಲಿ ಒಬ್ಬರ ಮೂತ್ರದಿಂದ ವರ್ಷಕ್ಕೆ ಸುಮಾರು ಎರಡೂವರೆ ಕಿಲೋ. ಎಂಟು ಜನರ ಮನೆಯಲ್ಲಿ ವರ್ಷಕ್ಕೆ ಒಂದು ಚೀಲ ಯೂರಿಯಾದಷ್ಟು ಸಾರಜನಕ, ಮೇಲೆ ಯೂರಿಯಾ ಚೀಲದಲ್ಲಿ ಇಲ್ಲದ ರಂಜಕ, ಪೊಟ್ಯಾಶ್ ಸಹ. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಮುಸುಕಿನ ಜೋಳ, ಬಾಳೆ ಮುಂತಾದ ಬೆಳೆಗಳಿಗೆ ಮೂತ್ರವನ್ನು ಕೊಟ್ಟು ಸಂಶೋಧನೆ ನಡೆಸಿದ್ದಾರೆ. ಜಲತಜ್ಞ ಎಸ್. ವಿಶ್ವನಾಥ್ ಅವರು ಬೆಂಗಳೂರಿನ ತಮ್ಮ ಮನೆಯ ತಾರಸಿಯ ಮೇಲೆ, ಮೂತ್ರವನ್ನು ಬೇರೆಯಾಗಿ ಹಿಡಿಯುವ ಶೌಚಾಲಯದಿಂದ ಬಂದ ಗೊಬ್ಬರ ಕೊಟ್ಟು, ಭತ್ತವನ್ನೇ ಬೆಳೆದಿದ್ದಾರೆ.

ಮಾಡುವ ಕ್ರಮ ಹೀಗೆ. ಮುಚ್ಚಳ ಬಿಗಿಯಾಗಿರುವ ಕ್ಯಾನಿನಲ್ಲಿ ಹಿಡಿದು ಕನಿಷ್ಠ ಒಂದು ತಿಂಗಳು ಮುಚ್ಚಿಡಿ. ಆಗ ಅಮೋನಿಯಾ ಏರಿ ರೋಗಾಣುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಮುಚ್ಚಳ ಸಡಿಲವಿದ್ದರೆ ಸಾರಜನಕವೇ ಗಾಳಿಗೆ ಹೋಗುತ್ತದೆ. ಒಂದು ಪಾಲಿಗೆ ಮೂರರಿಂದ ಐದು ಪಾಲು ನೀರು ಬೆರೆಸಿ, ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ಸಣ್ಣ ಸಾಲು ತೆಗೆದು ಹಾಕಿ, ಕೂಡಲೇ ಮಣ್ಣು ಎಳೆಯಿರಿ. ಎಲೆಗೆ ತಾಗಿಸಬೇಡಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಗೆ ಬೇಡ. ಬೇರೆ ಬೆಳೆಗಳಿಗೂ ಕೊಯ್ಲಿಗೆ ಒಂದು ತಿಂಗಳು ಮುಂಚೆ ನಿಲ್ಲಿಸಿ. ಕೃಷ್ಣೆ ತುಂಗಭದ್ರೆಯ ನಡುವಿನ ನಡಿಗಡ್ಡದಲ್ಲಿ, ಕಾಲುವೆ ನೀರು ನಿಂತು ಉಪ್ಪು ಬಿಳುಪೇರಿದ ಹೊಲ ನಿಮ್ಮದಾಗಿದ್ದರೆ ಅಲ್ಲಿ ಹಾಕಬೇಡಿ, ಮೂತ್ರದ ಸೋಡಿಯಂ ಆ ಮಣ್ಣನ್ನು ಇನ್ನೂ ಕೆಡಿಸುತ್ತದೆ. ನೀರು ಚೆನ್ನಾಗಿ ಇಳಿಯುವ ಕೆಂಪು ಮಣ್ಣಿನಲ್ಲಿ, ಮನೆಯ ಹಿತ್ತಲಿನ ಬಾಳೆ, ಪಪ್ಪಾಯಿ, ನುಗ್ಗೆಗಿಡಕ್ಕೆ ಮೊದಲು ಕೊಟ್ಟು ನೋಡಿ.